ಕೋವಿಯ ಬುಡದಲ್ಲೊಂದು ಮರದ ಮುಚ್ಚಳ

ನಮ್ಮ ಅಜ್ಜನ ಹತ್ತಿರ ಒಂದು ಕೇಪಿನ ಕೋವಿ ಇತ್ತು. ಕೊಪ್ಪದ ಹತ್ತಿರದ ತೋಟದ ಮನೆ, ಹಂದಿ ಕಾಟ, ಹಾಗಾಗಿ ಕೋವಿ. ಮದ್ದು ಕೊಂಬಿನಲ್ಲಿ, ಚರೆ ಬಟ್ಟೆ ಚೀಲದಲ್ಲಿ, ಮದ್ದಿಗೆ ಬೆಂಕಿ ಹೊತ್ತಿಸುವ ಪುಟ್ಟ ಕೇಪುಗಳು ಮಾತ್ರ ಖಾಲಿಯಾದ ನಶ್ಯದ ಡಬ್ಬಿಯಲ್ಲಿ. ಮದ್ದು ಹಾಕಿ, ಅದರ ಮೇಲೆ ಕತ್ತ ತುರುಕಿ ಗಜದಿಂದ ಗಿಡಿದು, ಚರೆ ಸುರಿದು, ಮತ್ತೆ ಕತ್ತ ಗಿಡಿದು, ಕೊನೆಗೆ ಅಜ್ಜ ಅಂಗಿ ಜೇಬಿಗೆ ಕೈ ಹಾಕುತ್ತಿದ್ದರು. ಡಬ್ಬಿ ಹೊರಗೆ ಬರುವಷ್ಟರಲ್ಲಿ ಅವರ ಹೆಬ್ಬೆರಳು ಮುಚ್ಚಳ ತೆಗೆದಾಗಿರುತ್ತಿತ್ತು. ಕಣ್ಣು ಮಾತ್ರ ಅಡಿಕೆ ಮರಗಳ ಆಚೆಗೇ ಇರುತ್ತಿತ್ತು. ನಾನು ಆಗ ಏಳೆಂಟು ವರ್ಷದವನು. ಕೋವಿಗಿಂತ ನನಗೆ ಆ ಡಬ್ಬಿಯ ಮೇಲೇ ಆಸೆ.

ಇದೆಲ್ಲ ಮತ್ತೆ ನೆನಪಾಗಿದ್ದು ಪೆನ್ಸಿಲ್ವೇನಿಯಾದ ಒಂದು ಕೊಟ್ಟಿಗೆಯಲ್ಲಿ. ಹೊಟ್ಟೆಪಾಡಿಗೆ ಕಂಪ್ಯೂಟರ್ ಕೆಲಸ, ಮನೆ ನಾರ್ಥಾಂಪ್ಟನ್ ಕೌಂಟಿಯಲ್ಲಿ, ನಜರೆತ್ ಎಂಬ ಊರಿನ ಹತ್ತಿರ. ಚಳಿಗಾಲದಲ್ಲಿ ಮಾಡಲು ಬೇರೆ ಏನೂ ಇಲ್ಲದೆ ಮರ ಕೆತ್ತುವುದನ್ನು ಕಲಿಯಲು ಹೊರಟಿದ್ದೆ. ರಸ್ತೆಯ ಆಚೆ ಮನೆಯ ಮುದುಕರೊಬ್ಬರು ತಮ್ಮ ಕೊಟ್ಟಿಗೆಯನ್ನೇ ಕೆಲಸದ ಮನೆ ಮಾಡಿಕೊಂಡಿದ್ದಾರೆ. ಹಸು ಇದ್ದ ಜಾಗದಲ್ಲಿ ಈಗ ಮೇಪಲ್ ಹಲಗೆಗಳು. ಅವರು ಕೈಯಲ್ಲೇ ಲಾಂಗ್ ರೈಫಲ್ ಮಾಡುತ್ತಾರೆ. ಇನ್ನೂರೈವತ್ತು ವರ್ಷದ ಹಿಂದೆ ಇದೇ ಸುತ್ತಿನಲ್ಲಿ ಮಾಡುತ್ತಿದ್ದಂಥವು. ವರ್ಷಕ್ಕೆ ಒಂದು, ಕೆಲವು ವರ್ಷ ಅದೂ ಇಲ್ಲ.

ಮೊದಲ ದಿನ ಅವರು ನನ್ನ ಕೈಗೆ ಒಂದು ಕೋವಿ ಕೊಟ್ಟರು. ನನಗಿಂತ ಸ್ವಲ್ಪವೇ ಗಿಡ್ಡ! ನಳಿಗೆಯೇ ನಾಲ್ಕಡಿ ಹತ್ತಿರ. ಆದರೆ ನನ್ನ ಕಣ್ಣು ಹೋಗಿ ನಿಂತಿದ್ದು ಬುಡದಲ್ಲಿ, ಹೆಗಲಿಗೆ ಒತ್ತಿಕೊಳ್ಳುವ ಆ ಅಗಲವಾದ ಮರದಲ್ಲಿ. ಬಲಗಡೆಯ ಮೈಯಲ್ಲಿ ಒಂದು ಉದ್ದನೆಯ ಗೆರೆ ಕಂಡಿತು. ಬಿರುಕು ಬಿಟ್ಟಿದೆಯೇನೋ ಅಂದುಕೊಂಡೆ. ಬಿರುಕಲ್ಲ, ಮುಚ್ಚಳ. ಅವರು ಹಿಂದಕ್ಕೆ ಎಳೆದರು. ಮರದೊಳಗಿಂದ ಮರ ಜಾರಿ ಹೊರಗೆ ಬಂತು. ಒಳಗೆ ಒಂದು ಗೂಡು. ಗೂಡಿನಲ್ಲಿ ಜಿಡ್ಡು ಜಿಡ್ಡಾದ ನಾಲ್ಕಾರು ಬಟ್ಟೆ ತುಂಡು.

ಅದೇ ಪ್ಯಾಚ್ ಬಾಕ್ಸ್.

ಅಜ್ಜನ ಕೋವಿಗೆ ಇದು ಯಾಕೆ ಇರಲಿಲ್ಲ ಅಂತ ಯೋಚಿಸಿದರೆ ಇಡೀ ಕಥೆ ಬಿಚ್ಚಿಕೊಳ್ಳುತ್ತದೆ. ಅಜ್ಜನದು ಒಳಗೆ ನುಣ್ಣಗಿನ ನಳಿಗೆ. ಚರೆ ಚೆದುರಿಕೊಂಡು ಹೋಗುತ್ತದೆ, ಕತ್ತ ಗಿಡಿದರೆ ಸಾಕು. ರೈಫಲ್ಲಿನ ನಳಿಗೆಯೊಳಗೆ ಸುರುಳಿಯಾಗಿ ತಿರುಗುವ ಗೀರುಗಳಿರುತ್ತವೆ. ಗುಂಡು ಆ ಗೀರುಗಳನ್ನು ಕಚ್ಚಿಕೊಂಡು ಬಂದರೆ ಮಾತ್ರ ಬುಗುರಿಯಂತೆ ತಿರುಗುತ್ತದೆ, ತಿರುಗಿದರೆ ಮಾತ್ರ ನೇರ ಹೋಗುತ್ತದೆ. ಸೀಸದ ಗುಂಡನ್ನೇ ಬಿಗಿಯಾಗಿ ಮಾಡಿದರೆ ಬಾಯಿಯಿಂದ ತಳದವರೆಗೆ ಅದನ್ನು ಬಡಿದು ಇಳಿಸಬೇಕು. ಅದಕ್ಕೆ ಉಪಾಯ ಏನೆಂದರೆ, ಗುಂಡು ನಳಿಗೆಗಿಂತ ತುಸು ಸಣ್ಣದಿರಲಿ, ಅದನ್ನು ಜಿಡ್ಡು ಹಚ್ಚಿದ ನಾರುಬಟ್ಟೆಯ ತುಂಡಿನಲ್ಲಿ ಸುತ್ತಿ ಇಳಿಸಿ. ಗೀರನ್ನು ಕಚ್ಚುವ ಕೆಲಸ ಬಟ್ಟೆಯದು. ಬಾಯಿಂದ ಹೊರಗೆ ಬಂದ ಮೇಲೆ ಬಟ್ಟೆ ಉದುರಿಹೋಗುತ್ತದೆ, ಗುಂಡು ಮುಂದಕ್ಕೆ ಹೋಗುತ್ತದೆ. ಆ ಬಟ್ಟೆಯೇ ಪ್ಯಾಚ್. ಜಿಡ್ಡು ಎಂದರೆ ಬಹುಪಾಲು ಪಶುವಿನ ಕೊಬ್ಬು. ಅಂಥದ್ದನ್ನು ಜೇಬಿನಲ್ಲಿ ಇಟ್ಟುಕೊಂಡು ಓಡಾಡುವುದು ಯಾರಿಗೆ ಬೇಕು? ಕೋವಿಯ ಬುಡದಲ್ಲಿ ಹೇಗೂ ಬೇಕಾದಷ್ಟು ಮರ ಇದೆ. ಅದನ್ನೇ ತೋಡಿ ಗೂಡು ಮಾಡಿದರು. ಜೊತೆಗೆ ಕಿಡಿ ಹಾರಿಸಲು ಒಂದು ಬೆಂಕಿಕಲ್ಲು, ನಳಿಗೆ ತೊಳೆಯುವ ಸಣ್ಣಪುಟ್ಟ ಸಾಮಾನು ಕೂಡ ಅದರಲ್ಲೇ.

ಈ ಗೂಡು ಅಮೆರಿಕದಲ್ಲಿ ಹುಟ್ಟಿದ್ದಲ್ಲ. ಜರ್ಮನಿಯ ಕಾಡುಗಳಲ್ಲಿ ಬೇಟೆಗಾರರು ಹಿಡಿಯುತ್ತಿದ್ದ ಯೇಗರ್ ರೈಫಲ್ಲಿನಲ್ಲಿ ಅದು ಮೊದಲೇ ಇತ್ತು. ಅದು ಗಿಡ್ಡ ಕೋವಿ, ದಪ್ಪ ಗುಂಡು, 30 ಇಂಚಿನ ಆಸುಪಾಸಿನ ನಳಿಗೆ. ಅಲ್ಲಿಂದ ಹಡಗು ಹತ್ತಿ ಬಂದ ಕೋವಿ ಆಚಾರಿಗಳು ಲ್ಯಾಂಕ್ಯಾಸ್ಟರ್, ಬರ್ಕ್ಸ್, ಯಾರ್ಕ್, ನಾರ್ಥಾಂಪ್ಟನ್ ಸುತ್ತ ನೆಲೆ ನಿಂತರು. ಇಲ್ಲಿ ಬಂದ ಮೇಲೆ ನಳಿಗೆ ಬೆಳೆಯುತ್ತಾ ಹೋಗಿ 42ರಿಂದ 46 ಇಂಚಾಯಿತು. ಗುಂಡು ಸಣ್ಣದಾಯಿತು. ವಾಲ್ನಟ್ ಬದಲು ಮೇಪಲ್ ಬಂತು. ಜಾರುವ ಮರದ ಮುಚ್ಚಳ ಮಾತ್ರ ಸ್ವಲ್ಪ ಕಾಲ ಹಾಗೇ ಉಳಿಯಿತು. ಆ ಸ್ವಲ್ಪ ಕಾಲದ ಕೋವಿಗಳ ಮೇಲೇ ನನ್ನ ಪಕ್ಕದವರಿಗೆ ಹುಚ್ಚು.

ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲಿ ಕ್ರಿಶ್ಚಿಯನ್ಸ್ ಸ್ಪ್ರಿಂಗ್ ಎಂಬ ಜಾಗ ಇದೆ. ಮೊರಾವಿಯನ್ ಎಂಬ ಕ್ರೈಸ್ತ ಪಂಥದ ಮದುವೆಯಾಗದ ಗಂಡಸರು ಒಟ್ಟಿಗೆ ಇದ್ದು ದುಡಿಯುತ್ತಿದ್ದ ಊರು ಅದು. ಆಂಡ್ರಿಯಾಸ್ ಆಲ್ಬ್ರೆಕ್ಟ್ ಎಂಬ ಕೋವಿ ಆಚಾರಿ ಅಲ್ಲಿ ಹುಡುಗರಿಗೆ ಕೆಲಸ ಕಲಿಸುತ್ತಿದ್ದ. ಹುಟ್ಟಿದ್ದು 1718ರಲ್ಲಿ, ಜರ್ಮನಿಯ ತುರಿಂಗಿಯಾದಲ್ಲಿ. ಅಮೆರಿಕಕ್ಕೆ ಬಂದಿದ್ದು 1750ರಲ್ಲಿ. 1766ರಲ್ಲಿ ಪಂಥದವರು ಅವನನ್ನು ಬೆತ್ಲೆಹೆಮ್ಮಿನ ಸನ್ ಇನ್ ಎಂಬ ತಂಗುಮನೆ ನೋಡಿಕೊಳ್ಳಲು ಕಳಿಸಿದರು. ಅಂಥ ಕೈಯಿದ್ದ ಮನುಷ್ಯನನ್ನು ಊಟ ಬಡಿಸುವ ಕಡೆ ಹಾಕಿದರಲ್ಲ ಅಂತ ನನಗೆ ಈಗಲೂ ಬೇಜಾರು. ಕೋವಿ ಮನೆಯನ್ನು ಅವನ ಶಿಷ್ಯ ಕ್ರಿಶ್ಚಿಯನ್ ಊರ್ಟರ್ ವಹಿಸಿಕೊಂಡ. ಹುಡುಗನಿಗೆ ಆಗ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಅವನು ಹೆಸರು, ವರ್ಷ ಕೆತ್ತಿದ ರೈಫಲ್ಲುಗಳು ಈಗಲೂ ಉಳಿದಿವೆ. ಅವನು ಉಳಿಯಲಿಲ್ಲ, 1777ರಲ್ಲಿ ತೀರಿಕೊಂಡ.

ಸರಿ, ಮುಚ್ಚಳಕ್ಕೆ ಬರೋಣ.

ಹಳೆಯ ಕಾಲದ ಮರದ ಪೆನ್ಸಿಲ್ ಡಬ್ಬಿ ನೆನಪಿಸಿಕೊಳ್ಳಿ. ಮುಚ್ಚಳದ ಎರಡೂ ಅಂಚು ಇಳಿಜಾರು, ಡಬ್ಬಿಯ ಗೋಡೆಯಲ್ಲಿ ಅದಕ್ಕೆ ತಕ್ಕ ಗಾಡಿ, ಎಂದರೆ ಉದ್ದಕ್ಕೆ ಕೊರೆದ ತೋಡು. ಜಾರಿಸಬಹುದು, ಮೇಲಕ್ಕೆ ಎತ್ತಲು ಬರುವುದಿಲ್ಲ. ಇಲ್ಲೂ ಅಷ್ಟೇ. ಕಷ್ಟ ಏನೆಂದರೆ, ಪೆನ್ಸಿಲ್ ಡಬ್ಬಿಗೆ ಮೈ ಚಪ್ಪಟೆ. ಕೋವಿಯ ಬುಡಕ್ಕೆ ಚಪ್ಪಟೆ ಮೈ ಎಲ್ಲೂ ಇಲ್ಲ, ಅದು ಮೀನಿನ ಹೊಟ್ಟೆಯ ಹಾಗೆ ಉಬ್ಬಿಕೊಂಡು ಹಿಂದಕ್ಕೆ ಹೋಗುತ್ತಾ ಅಗಲವಾಗುತ್ತದೆ. ಒಳಗಿನ ಗಾಡಿ ನೇರವಾಗಿರಬೇಕು, ಮುಚ್ಚಳದ ಹೊರಮೈ ಮಾತ್ರ ಕೋವಿಯ ಉಬ್ಬಿನ ಜೊತೆಗೇ ಉಬ್ಬಬೇಕು. ಹಾಗಾಗಿ ಮುಚ್ಚಳವನ್ನು ದಪ್ಪಗೆ ಮಾಡಿ ಮೊದಲು ಕೂರಿಸಿಬಿಡುತ್ತಾರೆ. ಆಮೇಲೆ ಕೋವಿಯನ್ನೂ ಮುಚ್ಚಳವನ್ನೂ ಒಟ್ಟಿಗೇ ಕೆತ್ತಿ ಇಳಿಸುತ್ತಾರೆ. ಅಡಿಯಲ್ಲಿ ತೆಳುವಾದ ಉಕ್ಕಿನ ಸ್ಪ್ರಿಂಗು. ಅದು ಹಿಡಿದುಕೊಂಡಿರುವವರೆಗೆ ಮುಚ್ಚಳ ತಾನಾಗಿ ಜಾರುವುದಿಲ್ಲ. ಸ್ಪ್ರಿಂಗು ಸೋತರೆ ಕಾಡಿನಲ್ಲಿ ಎಲ್ಲೋ ಬಿದ್ದುಹೋಗುತ್ತದೆ. ಹಳೆಯ ಕೋವಿಗಳಲ್ಲಿ ಎಷ್ಟೋ ಮುಚ್ಚಳ ಆಮೇಲೆ ಯಾರೋ ಮಾಡಿ ಕೂರಿಸಿದ್ದು. ಕೆಲವಕ್ಕೆ ಅದೂ ಇಲ್ಲ, ಗೂಡು ಬಾಯಿ ತೆರೆದುಕೊಂಡೇ ಇರುತ್ತದೆ.

ಈಗ ಇದಕ್ಕೆ ಅಲಂಕಾರ ಮಾಡಬೇಕು. ಹೇಗೆ?

ಕೇಳಲು ಸಣ್ಣ ವಿಷಯ. ನನಗಂತೂ ಎರಡು ವರ್ಷ ತಲೆ ತಿಂದಿತು. ಕೋವಿಯ ಎಡಮೈಯಲ್ಲಿ, ಕೆನ್ನೆ ಇಡುವ ಕಡೆ, ಆಚಾರಿಗೆ ಪೂರ್ತಿ ಸ್ವಾತಂತ್ರ್ಯ. ಎಲೆ, ಬಳ್ಳಿ, ಸುರುಳಿ ಏನು ಬೇಕಾದರೂ ಒಂದು ಮಿಲಿಮೀಟರಿನಷ್ಟು ಉಬ್ಬಿಸಿ ಕೆತ್ತಬಹುದು. ಆ ಕಾಲದ ಚರ್ಚು, ಕುರ್ಚಿ, ಕಪಾಟುಗಳ ಮೇಲೆ ಇದ್ದ ಬಳ್ಳಿಯೇ ಕೋವಿಯ ಮೇಲೂ ಹಬ್ಬಿತು. ಬಲಮೈಯಲ್ಲಿ ಹಾಗಿಲ್ಲ. ಅಲ್ಲಿ ಅರ್ಧ ಜಾಗ ಮುಚ್ಚಳದ್ದು, ಮುಚ್ಚಳವೋ ಓಡಾಡುವ ವಸ್ತು. ಬಳ್ಳಿಯನ್ನು ಕೋವಿಯಿಂದ ಮುಚ್ಚಳದ ಮೇಲೆ ಹಾಯಿಸಿದರೆ, ತೆಗೆದಾಗ ಬಳ್ಳಿ ತುಂಡಾಗುತ್ತದೆ. ಮುಚ್ಚಳದ ಮೇಲೆ ಮಾತ್ರ ಕೆತ್ತಿದರೆ ಅದು ಅಂಟಿಸಿದ ತೇಪೆಯ ಹಾಗೆ ಕಾಣುತ್ತದೆ. ಏನೂ ಮಾಡದೆ ಬಿಟ್ಟರೆ, ನನಗೆ ಮೊದಲ ದಿನ ಆದ ಹಾಗೆ, ಬಿರುಕು ಅಂದುಕೊಳ್ಳುತ್ತಾರೆ.

ಹಳಬರು ಮಾಡಿದ್ದನ್ನು ನೋಡಿದರೆ ಎಲ್ಲ ಬಗೆಯೂ ಇದೆ. ಯೇಗರ್ ಕೋವಿಗಳಲ್ಲಿ ಮುಚ್ಚಳದ ತುಂಬ ಕೆತ್ತನೆ ಇರುವುದೂ ಉಂಟು, ಹಿಂದಿನ ತುದಿಗೆ ಕೊಂಬು ಅಥವಾ ಎಲುಬಿನ ತುಂಡು ಕೂರಿಸಿರುವುದೂ ಉಂಟು. ಇಲ್ಲಿನ ಹಳೆಯ ಮುಚ್ಚಳಗಳು ಸಾಮಾನ್ಯವಾಗಿ ಅಷ್ಟು ಮಾತಾಡುವುದಿಲ್ಲ. ಅಂಚಿನ ಉದ್ದಕ್ಕೂ ಒಂದೋ ಎರಡೋ ಗೀರು. ನಡುವೆ ಒಂದು ಏಣು, ಮನೆಯ ಮಾಡಿನ ಹಾಗೆ ಎರಡು ಕಡೆ ಇಳಿಜಾರು. ತುದಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಚ್ಚು. ಇಷ್ಟೇ ಇದ್ದರೆ ನಾನು ಮೊದಮೊದಲು ‘ಪಾಪ, ದುಡ್ಡು ಕೊಟ್ಟವನು ಬಡವ ಇರಬೇಕು’ ಅಂದುಕೊಳ್ಳುತ್ತಿದ್ದೆ.

ಎಡ್ವರ್ಡ್ ಮಾರ್ಷಲ್ ರೈಫಲ್ ಎಂದು ಹೆಸರಾದ ಒಂದು ಕೋವಿ ಇದೆ. ಕ್ರಿಶ್ಚಿಯನ್ಸ್ ಸ್ಪ್ರಿಂಗಿನದ್ದೇ ಇರಬೇಕು ಎನ್ನುತ್ತಾರೆ ತಿಳಿದವರು. ಜಾರುವ ಮರದ ಮುಚ್ಚಳದ್ದು. ಈ ಕೆಲಸ ಕಲಿಯುವವರೆಲ್ಲ ಒಂದಲ್ಲ ಒಂದು ದಿನ ಅದರ ಚಿತ್ರದ ಮುಂದೆ ಕೂರುತ್ತಾರೆ, ನಾನೂ ಕೂತೆ. ಕೂತವನು ಮಾರ್ಷಲ್ ಯಾರು ಅಂತ ಓದಿದೆ. ಓದಬಾರದಿತ್ತು ಅನಿಸಿತು.

ಒಬ್ಬ ಮನುಷ್ಯ ಒಂದೂವರೆ ದಿನದಲ್ಲಿ ನಡೆಯುವಷ್ಟು ಜಾಗ ಬಿಳಿಯರಿಗೆ ಸೇರಬೇಕೆಂದು ಹಳೆಯ ಕರಾರು ಒಂದಿದೆ ಎಂದು ಆಗ ಪೆನ್ಸಿಲ್ವೇನಿಯಾದ ಒಡೆಯರಾಗಿದ್ದ ಪೆನ್ ಮನೆತನದವರು ಇಲ್ಲಿನ ಮೂಲನಿವಾಸಿಗಳಾದ ಲೆನಾಪೆ ಜನರಿಗೆ ಹೇಳಿದರು. 1737ರ ಸೆಪ್ಟೆಂಬರಿನಲ್ಲಿ ನಡೆಯಲು ಮೂವರನ್ನು ದುಡ್ಡಿನ ಆಸೆ ತೋರಿಸಿ ಕರೆತಂದರು. ಮುಂಚೆಯೇ ಕಾಡಿನಲ್ಲಿ ದಾರಿ ಕಡಿಸಿ ಇಟ್ಟಿದ್ದರು. ಇಬ್ಬರು ಸುಸ್ತಾಗಿ ಬಿದ್ದರು, ಕೊನೆಯವರೆಗೂ ಹೋದವನು ಮಾರ್ಷಲ್. ಅದರ ಲೆಕ್ಕದಲ್ಲಿ ಲೆನಾಪೆಗಳ ಕೈತಪ್ಪಿದ್ದು ಸುಮಾರು 1,200 ಚದರ ಮೈಲಿ. ನಜರೆತ್ ಅದರೊಳಗೇ ಇದೆ. ಎಂದರೆ ನಾನು ಕೂತು ಉಳಿ ಮಸೆಯುವ ಜಾಗವೂ. ಇಪ್ಪತ್ತು ವರ್ಷದ ನಂತರ ಲೆನಾಪೆಗಳು ಮಾರ್ಷಲ್‌ನ ಮನೆಯ ಮೇಲೆ ಬಿದ್ದು ಅವನ ಹೆಂಡತಿಯನ್ನು ಕೊಂದರು. ಅವನ ಕೈಯಲ್ಲಿದ್ದ ಕೋವಿ ಆಮೇಲೆ ಏನೇನು ಮಾಡಿತು ಎಂದು ಯೋಚಿಸುತ್ತಾ ಕೂತರೆ ಉಳಿ ಕೈಗೆ ಹತ್ತುವುದಿಲ್ಲ. ಕೆಲವು ವಾರ ನನಗೆ ಹತ್ತಲೂ ಇಲ್ಲ. ಮುಚ್ಚಳದ ಗೀರಿನ ಅಂದವನ್ನೂ ಆ ನೆಲದ ಕಥೆಯನ್ನೂ ಹೊಂದಿಸಿ ಹೇಳಲು ನನಗೆ ಬರುವುದಿಲ್ಲ. ಎರಡೂ ಇವೆ, ಅಷ್ಟೇ.

ಮಾರ್ಷಲ್ ಇದ್ದಿದ್ದು ಬಕ್ಸ್ ಕೌಂಟಿಯಲ್ಲಿ. ಆ ಹೆಸರು ಬಂದಾಗ ಇನ್ನೊಂದು ಹೇಳಲೇಬೇಕು, ಕನ್ನಡದವರು ಓದುತ್ತಿದ್ದೀರಲ್ಲ. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲ, 1782ರ ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ ಪೆನ್ಸಿಲ್ವೇನಿಯಾದ ಒಂದು ಹಡಗು ಬ್ರಿಟಿಷರ ‘ಜನರಲ್ ಮಂಕ್’ ಹಡಗನ್ನು ಹಿಡಿಯಿತು. ಗೆದ್ದ ಹಡಗಿನ ಹೆಸರು ‘ಹೈದರ್ ಆಲಿ’. ಹೌದು, ನಮ್ಮ ಶ್ರೀರಂಗಪಟ್ಟಣದ ಹೈದರನೇ! ಬ್ರಿಟಿಷರ ಶತ್ರು ನಮಗೆ ನೆಂಟ ಎನ್ನುವ ಲೆಕ್ಕ. ನಾಯಕ ಜೋಶುವಾ ಬಾರ್ನಿ. ಆ ಹಡಗಿನಲ್ಲಿ ಬಕ್ಸ್ ಕೌಂಟಿಯ ರೈಫಲ್ಲುಗಾರರೂ ಇದ್ದರು. ಅವರ ಕೋವಿಗಳಲ್ಲಿ ಒಂದಕ್ಕಾದರೂ ಜಾರುವ ಮರದ ಮುಚ್ಚಳ ಇತ್ತೇನೋ ಅಂತ ಸುಮ್ನೆ ಊಹಿಸಿಕೊಂಡು ಖುಷಿಪಡುತ್ತೇನೆ. ಪಕ್ಕದವರಿಗೆ ಈ ಕಥೆ ಹೇಳಿದೆ. ಹೈದರ್ ಯಾರು ಅಂತ ಅವರು ಕೇಳಿದರು. ಆ ದಿನ ಕೆಲಸ ಆಗಲಿಲ್ಲ.

ಆ ಹೊತ್ತಿಗೆ ಮರದ ಮುಚ್ಚಳದ ಕಾಲ ಮುಗಿಯುತ್ತಾ ಬಂದಿತ್ತು. 1770ರ ದಶಕದಿಂದ ಈಚೆಗೆ ಹಿತ್ತಾಳೆಯದ್ದೇ ದರ್ಬಾರು. ಕೀಲು ಹಾಕಿದ ಹಿತ್ತಾಳೆ ಬಾಗಿಲು, ಸುತ್ತ ಕತ್ತರಿಸಿದ ಹಿತ್ತಾಳೆ ಹೂವು, ಮೇಲೆ ಕೊರೆದ ಚಿತ್ರ. ಲ್ಯಾಂಕ್ಯಾಸ್ಟರಿನ ಡೇಸಿ ಹೂವು ಒಂದು ಗುರುತಾಯಿತು, ಒಂದೊಂದು ಕಡೆಯವರಿಗೆ ಒಂದೊಂದು ನಮೂನೆ. ಅಂಗಡಿಯಲ್ಲಿ ಸಾಲಾಗಿ ನಿಲ್ಲಿಸಿದರೆ ದೂರದಿಂದಲೇ ಹೊಳೆಯುತ್ತದೆ. ಬೀಳುವುದಿಲ್ಲ, ಮಳೆಗೆ ಊದುವುದಿಲ್ಲ. ಇಷ್ಟೆಲ್ಲ ಅನುಕೂಲ ಇದ್ದರೂ ನನಗೆ ಅದರ ಮೇಲೆ ಮನಸ್ಸು ಬರಲಿಲ್ಲ. ಜರಿ ಜಾಸ್ತಿಯಾದ ಸೀರೆಯ ಹಾಗೆ ಕಾಣುತ್ತದೆ. ಮೇಪಲ್ ಮರದ ಮೇಲೇ ಹುಲಿಪಟ್ಟೆ ಇರುವಾಗ ಅದಕ್ಕೆ ಇನ್ನೆಷ್ಟು ಒಡವೆ ಬೇಕು?

ಆ ಹುಲಿಪಟ್ಟೆಯೇ ನನಗೆ ಕೈಕೊಟ್ಟಿತು. ಪಟ್ಟೆ ಬಣ್ಣದಿಂದ ಬರುವುದಲ್ಲ. ಮರದ ನಾರು ನೇರ ಬೆಳೆಯದೆ ಅಲೆ ಅಲೆಯಾಗಿ ಬೆಳೆದಿರುತ್ತದೆ. ಬೆಳಕು ಒಂದು ಅಲೆಯಲ್ಲಿ ಹೊಳೆಯುತ್ತದೆ, ಇನ್ನೊಂದರಲ್ಲಿ ಮಂಕಾಗುತ್ತದೆ. ನೋಡಲು ಚೆನ್ನ, ಕೆತ್ತುವವನಿಗೆ ಶನಿ. ಯಾವ ದಿಕ್ಕಿನಿಂದ ಉಳಿ ಹಾಕಿದರೂ ಅರ್ಧ ಪಟ್ಟೆಗಳಲ್ಲಿ ನೀವು ನಾರಿಗೆ ಎದುರಾಗಿಯೇ ಹೋಗುತ್ತಿರುತ್ತೀರಿ. ನಾನು ಮೊದಲ ಮುಚ್ಚಳಕ್ಕೆ ಆರು ಎಸಳಿನ ನಕ್ಷತ್ರ ಕೆತ್ತಲು ಹೊರಟೆ. ಇಲ್ಲಿನ ಜರ್ಮನ್ ಮೂಲದವರ ಕೊಟ್ಟಿಗೆ ಗೋಡೆಗಳ ಮೇಲೆ ದೊಡ್ಡದಾಗಿ ಬರೆದಿರುತ್ತಾರಲ್ಲ, ಅಂಥದ್ದು. ಕೈವಾರದಲ್ಲಿ ಬರೆಯಲು ಎರಡು ನಿಮಿಷ. ನಮ್ಮೂರ ರಂಗೋಲಿಯಲ್ಲೂ ಅದು ಇದೆ ಎಂಬ ಅಭಿಮಾನ ಬೇರೆ. ಐದು ಎಸಳು ಹೇಗೋ ಬಂತು. ಆರನೆಯದರಲ್ಲಿ ನಾರು ಎದ್ದು, ಎರಡು ಎಸಳಿನ ನಡುವಿನ ಏಣೇ ಕಿತ್ತು ಬಂತು. ಅಂಟು ಹಾಕಿ ಕೂರಿಸಿದೆ. ಪಕ್ಕದವರು ಬಂದು ನೋಡಿದರು. ಅಂಟಿನ ಗೆರೆ ಅವರಿಗೆ ಕಂಡಿರಬೇಕು, ಅದರ ಬಗ್ಗೆ ಏನೂ ಅನ್ನಲಿಲ್ಲ. ‘ನಕ್ಷತ್ರ ಯಾಕೆ?’ ಅಂತ ಮಾತ್ರ ಕೇಳಿದರು. ಚೆನ್ನಾಗಿರುತ್ತೆ ಅಂತ, ಎಂದೆ. ‘ಹ್ಞಂ’ ಎಂದು ಹೋದರು.

ಆದರೂ ಅವರು ಮಾಡುತ್ತಿದ್ದ ಕೋವಿಗೆ ಮುಚ್ಚಳ ಮಾಡುವ ಅವಕಾಶ ನನಗೇ ಕೊಟ್ಟರು. ಈ ಸಲ ನಕ್ಷತ್ರ ಬೇಡ, ಬಳ್ಳಿ ಸಾಕು ಎಂದುಕೊಂಡೆ. ಜನವರಿ ತಿಂಗಳು. ಒಲೆಯ ಪಕ್ಕ ಕೂತು ಒಂದು ಸುರುಳಿ, ಅದರಿಂದ ಹೊರಡುವ ಎರಡು ಎಲೆ ಕೆತ್ತಿದೆ. ಉಳಿಯನ್ನು ಐದೈದು ನಿಮಿಷಕ್ಕೆ ಮಸೆದೆ. ಚೆನ್ನಾಗೇ ಬಂತು. ಹಿಂದಿನ ತುದಿಯಲ್ಲಿ ಅವರು ಬೆರಳು ಕಚ್ಚು ಹಾಕಲು ಹೇಳಿದ್ದರು. ಎಲೆಯ ತುದಿ ಅಲ್ಲಿಯವರೆಗೆ ಹೋಗಿದ್ದರಿಂದ ನಾನು ಕಚ್ಚು ಬಿಟ್ಟೆ. ಅಲ್ಲಿ ನುಣ್ಣಗೆ ಉಜ್ಜಿದೆ, ಗಾಜಿನ ಹಾಗೆ.

ಬಣ್ಣ ಕೊಡುವ ದಿನ ನನಗೆ ಎಲ್ಲಕ್ಕಿಂತ ಇಷ್ಟ. ಬಣ್ಣ ಎನ್ನುವುದೂ ತಪ್ಪು. ನೈಟ್ರಿಕ್ ಆಸಿಡ್ಡಿನಲ್ಲಿ ಕಬ್ಬಿಣ ಕರಗಿಸಿದ ನೀರು ಅದು. ಬಿಳಿ ಮೇಪಲ್ಲಿಗೆ ಹಚ್ಚಿದಾಗ ಹಸಿರು ಹಳದಿ, ಕಾಯಿಲೆ ಬಿದ್ದವರ ಮುಖದ ಹಾಗೆ. ಒಣಗಿದ ಮೇಲೆ ಕಾಯಿಸಿದ ಕಬ್ಬಿಣವನ್ನು ಮುಟ್ಟದಂತೆ ಹತ್ತಿರ ಹಿಡಿದುಕೊಂಡು ಹೋಗಬೇಕು. ಬಿಸಿ ತಗುಲಿದಲ್ಲೆಲ್ಲ ಮರ ಇದ್ದಕ್ಕಿದ್ದಂತೆ ಕೆಂಪು ಕಂದು ಆಗುತ್ತದೆ. ಪಟ್ಟೆಗಳು ಒಂದೊಂದಾಗಿ ಎದ್ದು ಬರುತ್ತವೆ. ದೋಸೆ ಹೆಂಚಿನ ಮೇಲೆ ಕೆಂಪಾಗುವುದನ್ನು ಬಗ್ಗಿ ನೋಡುತ್ತೇವಲ್ಲ, ಹಾಗೆ ನಾವಿಬ್ಬರೂ ಬಗ್ಗಿ ನೋಡುತ್ತಿದ್ದೆವು. ಆಮೇಲೆ ಅಗಸೆ ಎಣ್ಣೆ.

ಮಾರ್ಚಿನಲ್ಲಿ ಗುಂಡು ಹೊಡೆದು ನೋಡಲು ಹೋದೆವು. ನೆಲದಲ್ಲಿ ಇನ್ನೂ ಹಿಮ ಇತ್ತು. ಮೊದಲ ಈಡು ಚೆನ್ನಾಗೇ ಹೋಯಿತು. ಎರಡನೆಯದಕ್ಕೆ ಮದ್ದು ಹಾಕಿ, ಪ್ಯಾಚಿಗಾಗಿ ಅವರು ಬುಡಕ್ಕೆ ಕೈ ಹಾಕಿದರು. ಮುಚ್ಚಳ ಬರಲಿಲ್ಲ. ಮೊದಲ ಪ್ಯಾಚಿನ ಜಿಡ್ಡು ಬೆರಳಲ್ಲೇ ಇತ್ತು, ಮುಚ್ಚಳದ ತುದಿ ನಾನು ಗಾಜು ಮಾಡಿಟ್ಟಿದ್ದೆ, ಕೈ ಚಳಿಗೆ ಮರಗಟ್ಟಿತ್ತು. ಬೆರಳು ಜಾರಿತು. ಮತ್ತೆ ಜಾರಿತು. ಕೋವಿಯನ್ನು ತೊಡೆಗೆ ಒರಗಿಸಿ, ಕನ್ನಡಕ ಮೂಗಿನ ಮೇಲೆ ಇಳಿಸಿ, ಎರಡೂ ಕೈಯಲ್ಲಿ ಪ್ರಯತ್ನಿಸಿದರು. ಕೊನೆಗೆ ಜೇಬಿನಿಂದ ಚಾಕು ತೆಗೆದು ಅದರ ಮೊನೆಯಿಂದ ನನ್ನ ಎಲೆಯ ತುದಿಯನ್ನು ಮೀಟಿದರು. ಮುಚ್ಚಳ ಬಂತು, ಎಲೆಯ ಒಂದು ಚೂರೂ ಬಂತು. ಅವರು ಏನೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಮನೆಗೆ ಬಂದು ಹಳೆಯ ಮುಚ್ಚಳಗಳ ಚಿತ್ರಗಳನ್ನು ಮತ್ತೆ ತೆಗೆದೆ. ಈ ಸಲ ಕಣ್ಣು ಬೇರೆ ಕಡೆ ಹೋಯಿತು. ಮೆಟ್ಟಿಲು ಮೆಟ್ಟಿಲಾದ ಕಚ್ಚು ಇರುವುದು ಹೆಬ್ಬೆರಳು ಬೀಳುವಲ್ಲಿ. ನಡುವಿನ ಏಣು ಕೈಗೆ ದಿಕ್ಕು ತೋರಿಸುತ್ತದೆ, ಕತ್ತಲಲ್ಲೂ ಮುಚ್ಚಳ ಎಲ್ಲಿದೆ ಎಂದು ತಿಳಿಯುತ್ತದೆ. ಅಂಚಿನ ಗೀರು, ಬಿರುಕಿನಂತೆ ಕಾಣುವ ಸಂದನ್ನು ತನ್ನ ಜೊತೆಯ ಇನ್ನೊಂದು ಗೀರು ಮಾಡಿಬಿಡುತ್ತದೆ. ನಾನು ಬಡವನ ಅಲಂಕಾರ ಎಂದುಕೊಂಡಿದ್ದು ಅಲಂಕಾರಕ್ಕೆಂದು ಶುರುವಾದದ್ದೇ ಅಲ್ಲ. ಅಜ್ಜನ ನಶ್ಯದ ಡಬ್ಬಿಯ ಮುಚ್ಚಳಕ್ಕೂ ಅಂಚಿನಲ್ಲಿ ಸಣ್ಣ ಸಣ್ಣ ಹಲ್ಲು ಇತ್ತು. ಅದು ಚಂದಕ್ಕೆ ಅಂತ ನಾನು ಇಷ್ಟು ವರ್ಷ ಅಂದುಕೊಂಡಿದ್ದೆ.

ಹೊಸ ಮುಚ್ಚಳಕ್ಕೆ ಬಳ್ಳಿ ಹಾಕಲಿಲ್ಲ. ಮೊದಲು ಕಚ್ಚುಗಳನ್ನು ಹಾಕಿದೆ, ಐದು. ಕೈಗೆ ಎಣ್ಣೆ ಸವರಿಕೊಂಡು ಎಳೆದು ನೋಡಿದೆ, ಒಂದನ್ನು ಇನ್ನೂ ಆಳ ಮಾಡಿದೆ. ಕಚ್ಚಿನ ಎರಡೂ ಕೊನೆಗೆ ಸಣ್ಣ ಚುಕ್ಕಿ ಇಟ್ಟೆ. ಅದು ಯಾವ ಉಪಯೋಗಕ್ಕೂ ಇಲ್ಲ, ಆಸೆಗೆ. ನಡುವೆ ಏಣು, ಅಂಚಿಗೆ ಗೀರು. ಹಳೆಯ ಎಲೆಯ ಮುಚ್ಚಳವನ್ನು ಪಕ್ಕದವರು ಎಸೆಯಲಿಲ್ಲ, ಕಿಟಕಿಯ ಕಟ್ಟೆಯ ಮೇಲೆ ಇಟ್ಟುಕೊಂಡು ಅದರಲ್ಲಿ ಮೊಳೆ ಹಾಕುತ್ತಾರೆ.

ಜುಲೈಯಲ್ಲಿ ಇಲ್ಲಿ ಮಂಗಳೂರಿನಂಥ ಸೆಕೆ. ಗಾಳಿಯೆಲ್ಲ ನೀರು. ಚಳಿಗಾಲದ ಒಣಹವೆಯಲ್ಲಿ ಅಳತೆ ಮಾಡಿದ ಮರ ಅಗಲಕ್ಕೆ ಊದಿಕೊಳ್ಳುತ್ತದೆ, ಗಾಡಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಮೊನ್ನೆ ಅವರ ಕೊಟ್ಟಿಗೆಗೆ ಹೋದಾಗ ಕೋವಿ ಗೋಡೆಗೆ ಒರಗಿತ್ತು. ಮಾತಾಡುತ್ತಲೇ ಬುಡಕ್ಕೆ ಕೈ ಹಾಕಿದೆ. ಹೆಬ್ಬೆರಳಿಗೆ ಮೂರನೆಯ ಕಚ್ಚು ಸಿಕ್ಕಿತು. ಎಳೆದೆ. ಅರ್ಧ ಇಂಚು ಬಂದು ನಿಂತಿತು, ಬಿಗಿಯಾಗಿ. ಅಂಚನ್ನು ಒಂದು ಸಲ ಕೆರೆಯಲೇ ಎಂದು ಕೇಳಿದೆ. ಬೇಡ, ಅಕ್ಟೋಬರಿಗೆ ಸರಿಹೋಗುತ್ತೆ ಅಂದರು. ಬೇಟೆ ಶುರುವಾಗುವುದು ಆಮೇಲೇ ಅಲ್ವಾ.